ಮುನಿಶಾಮಪ್ಪನ ಹಗ್ಗ

ನಮ್ಮ ಯಲಹಂಕದಲ್ಲಿ ಪಂಪ್‌ಸೆಟ್ ರಿಪೇರಿಗೆ ಮುನಿಶಾಮಪ್ಪನನ್ನು ಬಿಟ್ಟರೆ ಇನ್ನೊಬ್ಬನಿಲ್ಲ; ಹಳೇ ಕಾರು ಮಾರುವವರಿಗೆ ಅವನಷ್ಟು ಕಾಟ ಕೊಟ್ಟವನೂ ಇನ್ನೊಬ್ಬನಿಲ್ಲ. ಇಂಗ್ಲಿಷ್ ದೊರೆಗಳು ಬಿಟ್ಟುಹೋದ ಕಾರು ಬೆಂಗಳೂರು ದಂಡಿನಲ್ಲಿ ಎಲ್ಲೇ ಮಾರಾಟಕ್ಕಿರಲಿ, ಭಾನುವಾರ ಹೆಂಡತಿ, ಮೂವರು ಮಕ್ಕಳು ಮತ್ತು ಜೇಬಿನಲ್ಲೊಂದು ತುಂಡು ಹಗ್ಗದೊಂದಿಗೆ ಹಾಜರಾಗುತ್ತಿದ್ದ. "ಇಂಜಿನ್ ಸತ್ತೋಗಿದ್ರೂ ಚಿಂತೆಯಿಲ್ಲ, ಅದಕ್ಕೆ ನಾನಿದೀನಿ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಮಕ್ಕಳನ್ನು ಹಿಂದೆ ತುಂಬಿ, ಮುಂದಿನ ಸೀಟಿನ ಎದುರಿನ ಜಾಗಕ್ಕೆ ಹಗ್ಗ ಹಿಡಿದು ನೋಡಿ, "ಸಾಲ್ದು ಕಣ್ರೀ" ಎಂದು ಎದ್ದುಬಿಡುತ್ತಿದ್ದ. ಇಂಥ ಎಷ್ಟೋ ಒಳ್ಳೆಯ ಕಾರುಗಳನ್ನು ಬೇಡವೆಂದವನು ಕೊನೆಗೆ ನೆಲಕ್ಕಂಟಿದಂತಿದ್ದ, ಉದ್ದ ಮೂತಿಯ, ಹಿಂದೆ ಡಿಕ್ಕಿ ತೆರೆದರೆ ಇನ್ನೊಂದು ಸೀಟು ಬಿಚ್ಚಿಕೊಳ್ಳುವ ಕೆಂಪು ಸ್ಪೋರ್ಟ್ಸ್ ಕಾರನ್ನು ಎತ್ತುಗಳಿಂದ ಎಳೆಸಿಕೊಂಡು ತಂದ. "ಸಂಸಾರಸ್ಥನ ಷೋಕಿ ನೋಡ್ರಪ್ಪಾ" ಎಂದು ಬೀದಿ ನಕ್ಕಿತು. ಅವನು ಎಂಟು ತಿಂಗಳು ಕುಟ್ಟಿ ತಟ್ಟಿ ಅದನ್ನು ಓಡಿಸಿಯೇಬಿಟ್ಟ. ಆ ಹಗ್ಗ ಅವನ ತಾಯಿ ದೊಡ್ಡಮುನಿಯಮ್ಮನ ಬಲಗಾಲಿನ ಅಳತೆ. ಮಂಡಿ ಮಡಿಸಲಾಗದೆ ಆಕೆ ಹತ್ತು ವರ್ಷದಿಂದ ಬಸ್ಸನ್ನಾಗಲಿ ಜಟಕಾವನ್ನಾಗಲಿ ಹತ್ತಿರಲಿಲ್ಲ, ತವರೂರು ಬಾಗಲೂರನ್ನು ಕಂಡಿರಲಿಲ್ಲ. ಈಗ ಮುಂದಿನ ಸೀಟಿನಲ್ಲಿ ಕಾಲನ್ನು ಪೂರಾ ನೀಡಿ ಕೂತು, ಬಾಗಲೂರಿನ ರಸ್ತೆಯುದ್ದಕ್ಕೂ ಒಂದೇ ಮಾತು: "ಇನ್ನೊಂಚೂರ್ ಜೋರಾಗ್ ಬುಡ್ಲಾ!"