ಕೊಸಾಕರ ಕಥೆ ಹೇಳುತ್ತಿದ್ದ ಮಾಸ್ಟ್ರು

ಇನ್ನಂಜೆಯ ಶಾಲೆಯಲ್ಲಿ ನಮಗೆ ಇತಿಹಾಸ ಕಲಿಸಿದ ಮಾಸ್ಟ್ರಿಗೆ ಉಕ್ರೇನಿನ ಕೊಸಾಕ್ ಯೋಧರ ಹಳೆಯ ಕಾದಂಬರಿಯೊಂದರ ಹುಚ್ಚಿತ್ತು. "ಕೇಳಿ ಮಾರಾಯ್ರೆ" ಎಂದು ಮೀಸೆ ಸವರಿ ಶುರುಮಾಡಿದರೆ ತರಗತಿಯೊಳಗೆ ಕುದುರೆಗಳೇ ನುಗ್ಗಿದಂತಾಗುತ್ತಿತ್ತು. ಹುಡುಗಿಯೊಬ್ಬಳ ಪ್ರೀತಿಗಾಗಿ ಶತ್ರುಗಳನ್ನು ಸೇರಿದ ಮಗನನ್ನು ಅಪ್ಪನೇ ಕೊಲ್ಲುವಲ್ಲಿ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು.

ಎಷ್ಟೋ ವರ್ಷಗಳ ಮೇಲೆ ಮಾಸ್ಟ್ರ ಮಗ ಬೇರೆ ಧರ್ಮದ ಹುಡುಗಿಯನ್ನು ಮದುವೆಯಾದ. ನಾನು ಅವರ ಮನೆಗೆ ಹೋದಾಗ ಜಗಲಿಯಲ್ಲಿ ನೆಂಟರು ಸೇರಿದ್ದರು.

"ಅವನು ಸತ್ತ ಅಂತ ತಿಳಿಯಿರಿ. ನಾಡಿಗಾಗಿ ಮಗನನ್ನೇ ಕೊಂದವನ ಕಥೆ ಹೇಳಿದ್ದು ನೀವೇ ಅಲ್ವಾ?" ಎಂದರು ಮಾಸ್ಟ್ರ ಭಾವ.

"ಹೌದು, ಆ ಅಪ್ಪ ಶೂರನೇ. ಆದರೆ ಕೊಂದ ಮೇಲೆ ಮಗನ ಮುಖವನ್ನೇ ನೋಡ್ತಾ ನಿಂತ. ಹಾಗೆ ನಿಲ್ಲುವ ಧೈರ್ಯ ನನಗಿಲ್ಲ" ಎಂದರು ಮಾಸ್ಟ್ರು.

ಎಲ್ಲರೆದುರೇ ಮಗನಿಗೆ ಫೋನು ಮಾಡಿದರು: "ನಾಳೆ ಇಬ್ಬರೂ ಊಟಕ್ಕೆ ಬನ್ನಿ. ಅವಳಿಗೆ ಮೀನು ಆಗ್ತದಾ, ಎಂತ?"