ಜಯಸಿಂಹ ಮತ್ತು ಸಂಗಡಿಗರು

ಹದಿನೈದು ವರ್ಷ ತುಂಬುವವರೆಗೂ ನಾನು ಒಂದು ಟೇಪ್ ರೆಕಾರ್ಡರಿಗೆ ಅಡ್ಡಬೀಳುತ್ತಿದ್ದೆ.

ಯಡಿಯೂರಿನ ನಮ್ಮ ಮನೆಯಲ್ಲಿ ಪ್ರತಿ ವರ್ಷ ಅಜ್ಜಿಯ ತಿಥಿಯ ದಿನ, ಪುರೋಹಿತರು ಹೊರಟ ಮೇಲೆ, ಅಪ್ಪ ಒಂದು ಕ್ಯಾಸೆಟ್ ಹಾಕುತ್ತಿದ್ದರು. ಅದರಲ್ಲಿ ಒಬ್ಬ ಹೆಂಗಸು ಕಥೆ ಹೇಳುತ್ತಾ ಹೇಳುತ್ತಾ ಹಾಡಿಗೆ ಜಾರುತ್ತಿದ್ದಳು. ಅಜ್ಜಿ ಹೋದಾಗ ನನಗೆ ನಾಲ್ಕು ವರ್ಷ, ಅವಳ ದನಿ ನೆನಪಿಲ್ಲ. ತಿಥಿಯ ದಿನವೇ ಹಾಕುತ್ತಾರೆಂದ ಮೇಲೆ ಅದು ಅಜ್ಜಿಯೇ ಎಂದು ತೀರ್ಮಾನಿಸಿಕೊಂಡು ಎಡೆಗೆ ಮಾಡಿದಷ್ಟೇ ಭಕ್ತಿಯಿಂದ ಟೇಪ್ ರೆಕಾರ್ಡರಿಗೂ ನಮಸ್ಕಾರ ಮಾಡುತ್ತಿದ್ದೆ. ಹದಿನೈದನೆಯ ವರ್ಷ, ವಡೆ ತಿಂದ ಗುಂಗಿನಲ್ಲಿ, ಅಜ್ಜಿ ಎಷ್ಟು ಚೆನ್ನಾಗಿ ಹಾಡುತ್ತಿದ್ದರಲ್ಲ ಎಂದೆ. ಸತ್ಯಭಾಮಾ ಅತ್ತೆ ನಕ್ಕ ನಗೆಗೆ ಬಾಯಲ್ಲಿದ್ದ ಎಲೆಅಡಿಕೆ ಗೋಡೆಗೆ ಹಾರಿತು. ಅಜ್ಜಿ ಮಂಗಳಾರತಿ ಶುರುಮಾಡಿದರೆ ಬೀದಿನಾಯಿ ಎದ್ದು ಆಚೆ ರಸ್ತೆಗೆ ಹೋಗುತ್ತಿತ್ತಂತೆ. ಅವಳಿಗೆ ಆ ಕ್ಯಾಸೆಟ್ ಇಷ್ಟವಾಗಿತ್ತು, ಅಷ್ಟೇ.

ಹೀಗೆ ದನಿಯ ವಿಷಯದಲ್ಲಿ ಸೋತವನು ಈಗ ದನಿಯಿಂದಲೇ ಅನ್ನ ತಿನ್ನುತ್ತಿದ್ದೇನೆ. ಬಿಟಿಎಂ ಲೇಔಟಿನ ಒಂದು ಕಂಪನಿಯಲ್ಲಿ, ಕಾಲ್ ಸೆಂಟರಿನವರು ಗ್ರಾಹಕರ ಜೊತೆ ಆಡಿದ ಮಾತು ಕೇಳಿ ಅಂಕ ಕೊಡುವುದು ನನ್ನ ಕೆಲಸ. ವಿನಯಕ್ಕೆ ಹತ್ತು, ಸ್ಪಷ್ಟತೆಗೆ ಹತ್ತು. ದನಿ ಗುರುತಿಸುವುದರಲ್ಲಿ ಎತ್ತಿದ ಕೈ ಎಂದು ಮ್ಯಾನೇಜರ್ ಒಮ್ಮೆ ಕಪ್ ಕೂಡ ಕೊಟ್ಟಿದ್ದಾರೆ. ಕಾಫಿ ಕಪ್.

ಹೋದ ವರ್ಷದ ತಿಥಿಗೆ ಟೇಪ್ ರೆಕಾರ್ಡರ್ ರೀಲು ನುಂಗತೊಡಗಿತು. ಪೂರ್ತಿ ಹಾಳಾಗುವ ಮುಂಚೆ ಕಂಪ್ಯೂಟರಿಗೆ ಇಳಿಸೋಣ ಎಂದು ಕೂತವನು ಅವತ್ತೇ ಮೊದಲ ಸಲ ನಿಜವಾಗಿ ಕೇಳಿದೆ. ‘ಕೆರೆ ಏರಿ ಕಥೆಗಳು’, ೨೦೦೧ರದು, ಎಂಟು ಹಾಡು. ಒಂದೊಂದೂ ಸಾರಕ್ಕಿಯ ಒಬ್ಬೊಬ್ಬರ ಕಥೆ. ಸಪ್ಪಲಮ್ಮ ಎಂಬ ಮುದುಕಿಯದು ಎಲ್ಲಕ್ಕಿಂತ ಸಖತ್ತಾಗಿತ್ತು. ಕೆರೆ ಅಂಗಳ ಅಳೆದು ಮಾರಲು ಒಬ್ಬ ಸರಪಣಿ ಹಿಡಿದು ಬರುತ್ತಾನೆ, ಮಧ್ಯಾಹ್ನದ ಊಟ ಮುಗಿಸಿ ನೋಡಿದರೆ ಸರಪಣಿಯಿಲ್ಲ:

ಅಳೆಯೋಕೆ ಬಂದೋನೆ, ಸರಪಣಿ ಎಲ್ಲೋಯ್ತು?
ನಮ್ಮೆಮ್ಮೆ ಮೇಯ್ತಪ್ಪ, ನಮ್ಮೆಮ್ಮೆ ಮೇಯ್ತು.

ಇಷ್ಟು ಒಳ್ಳೆಯ ಹಾಡುಗಳನ್ನು ನಮ್ಮಜ್ಜಿ ಬಿಟ್ಟರೆ ಯಾರೂ ಕೇಳಿದ ಹಾಗಿರಲಿಲ್ಲ. ಇಂಟರ್ನೆಟ್ಟಿಗೆ ಏರಿಸಿದೆ. ಕ್ಯಾಸೆಟ್ಟಿನ ಕವರ್ ಮೇಲೆ ಇದ್ದದ್ದನ್ನೇ ನಕಲು ಮಾಡಿದೆ: ರಚನೆ ಮತ್ತು ಗಾಯನ, ಜಯಸಿಂಹ ಮತ್ತು ಸಂಗಡಿಗರು. ಎಂಟೂ ಹಾಡಿನಲ್ಲಿ ಗಂಡಸಿನ ದನಿ ಎಂದರೆ ಹಿಂದಿನಿಂದ ಬರುವ ಒಂದು ‘ಹೌದ್ಹೌದು’ ಮಾತ್ರ. ದನಿಗೆ ಅಂಕ ಕೊಡುವ ಮಹಾಶಯನಿಗೆ ಇದು ಹೊಳೆಯಲಿಲ್ಲ.

ಒಂದೂವರೆ ತಿಂಗಳಲ್ಲಿ ನಲವತ್ತು ಸಾವಿರ ಜನ ಕೇಳಿದರು. ಆಮೇಲೆ ಸ್ವತಃ ಜಯಸಿಂಹ ಅವರೇ ಫೋನ್ ಮಾಡಿದರು. ವಯಸ್ಸು ಎಪ್ಪತ್ತೆರಡು, ಜೆಪಿ ನಗರದಲ್ಲಿ ಮನೆ, ಕೆಲಸದಲ್ಲಿದ್ದಾಗ ಸುಗಮ ಸಂಗೀತದ ಕ್ಲಾಸ್ ನಡೆಸುತ್ತಿದ್ದರಂತೆ. ‘ನನಗೆ ಪುನರ್ಜನ್ಮ ಕೊಟ್ಟೆಯಪ್ಪ’ ಎಂದು ಗದ್ಗದರಾದರು. ಅವರ ಬಡಾವಣೆಯ ಸಂಘದ ವಾರಿಜಾ ಮೇಡಂ, ಜಯಸಿಂಹರಿಗೆ ಸನ್ಮಾನ ಎಂದು ವಾಟ್ಸಾಪಿನಲ್ಲಿ ಆಹ್ವಾನ ಹರಿಬಿಟ್ಟರು. ಕೆಳಗೆ ಸಣ್ಣದಾಗಿ ನನ್ನ ಹೆಸರೂ ಇತ್ತು. ಅದನ್ನು ನಾನು ದೊಡ್ಡದು ಮಾಡಿ ಮಾಡಿ ನೋಡಿಕೊಂಡೆ.

ಅದೇ ಹೊತ್ತಿಗೆ ನಮ್ಮ ಮನೆಯ ಚಪಾತಿ ಖಾರವಾಗತೊಡಗಿತು.

ನಮ್ಮ ಹಿಟ್ಟು ಬರುವುದು ಸಾರಕ್ಕಿಯ ಮುನಿಯಕ್ಕನ ಮಿಲ್ಲಿನಿಂದ. ಮನೆ ಹತ್ತಿರವೇ ಎರಡು ಮಿಲ್ ಇದ್ದರೂ ಮುನಿಯಕ್ಕ ಬೀಸಿದಷ್ಟು ನಯ ಬರುವುದಿಲ್ಲ ಎಂದು ಅಮ್ಮನ ಹಟ. ಹಾಗಾಗಿ ಹನ್ನೊಂದು ವರ್ಷದಿಂದ ಗೋಧಿ ಡಬ್ಬ ಹೊತ್ತು ಹೋಗುವ ಕತ್ತೆ ನಾನೇ. ಮುನಿಯಕ್ಕನಿಗೆ ಅರವತ್ತರ ಮೇಲಾಗಿದೆ. ಹುಬ್ಬಿನ ತನಕ ಹಿಟ್ಟು, ಮಿಷನ್ನಿನ ಗದ್ದಲದ ಮೇಲೆ ಕೂಗಿ ಕೂಗಿ ಒಡೆದ ಗಂಟಲು. ಗಂಡ ಸಂಜೀವಯ್ಯ ಹೋದಮೇಲೆ ಒಬ್ಬಳೇ ನಡೆಸುತ್ತಾಳೆ. ಅಲ್ಲಿ ಎರಡು ಕಟ್ಟಳೆ. ಪ್ರತಿ ಡಬ್ಬದಲ್ಲೂ ಹೆಸರಿನ ಚೀಟಿ ಇರಬೇಕು, ಚೀಟಿ ಅದಲುಬದಲು ಆಗಕೂಡದು. ಇರುವುದು ಒಂದೇ ಮಿಷನ್ ಆದ್ದರಿಂದ ಮೆಣಸಿನಕಾಯಿ ಬೀಸಿದ ಮೇಲೆ ನಾಲ್ಕು ಹಿಡಿ ತೌಡು ಹಾಕಿ ಖಾರ ಕಳೆದು, ಆಮೇಲೆ ಬೇರೆಯವರ ಗೋಧಿ ಸುರಿಯಬೇಕು.

ನಾನು ದೂರು ಒಯ್ದೆ. ತೌಡು ಹಾಕುವುದು ಮರೆತಿರಾ ಎಂದು ವಿನಯಕ್ಕೆ ಹತ್ತಕ್ಕೆ ಹತ್ತು ಅಂಕ ಬರುವ ಹಾಗೆ ಕೇಳಿದೆ. ಅವಳು ಮಿಷನ್ ಆರಿಸಿದಳು. ಹನ್ನೊಂದು ವರ್ಷದಲ್ಲಿ ಅದು ನಿಂತದ್ದನ್ನು ನಾನು ನೋಡಿರಲಿಲ್ಲ.

“ಮರ್ತಿಲ್ಲ. ಆವತ್ತು ನೀನು ಇಲ್ಲೇ ನಿಂತ್ಕೊಂಡು ಫೋನಲ್ಲಿ ಸಪ್ಪಲಮ್ಮನ ಹಾಡು ಎಲ್ರಿಗೂ ಕೇಳಿಸ್ತಿದ್ದೆ. ಯಾವನ ಹೆಸ್ರು ಬರ್ದಿದೀಯ ಅದಕ್ಕೆ?”

“ಕವರ್ ಮೇಲಿದ್ದಿದ್ದು ಮುನಿಯಕ್ಕ. ಜಯಸಿಂಹ.”

“ಇನ್ನೇನಿದೆ ಕವರ್ ಮೇಲೆ?”

“ಮತ್ತು ಸಂಗಡಿಗರು.”

“ಅದು ನಾನು.”

ಗದ್ದಲವಿಲ್ಲದ ಆ ಎರಡು ಪದಗಳಲ್ಲಿ ನಾನು ಹನ್ನೊಂದು ವರ್ಷ ಅಡ್ಡಬಿದ್ದ ದನಿ ಇತ್ತು. ಕಾಫಿ ಕಪ್ಪನ್ನು ವಾಪಸ್ ಕೊಡಬೇಕೆನಿಸಿತು.

ಕಥೆ ಉದ್ದವಿಲ್ಲ. ಜಯಸಿಂಹ ಆಗಲೂ ಇಲ್ಲಿಗೇ ಗೋಧಿ ತರುತ್ತಿದ್ದರು. ಬೀಸುತ್ತಾ ತನ್ನಷ್ಟಕ್ಕೆ ಕಟ್ಟಿ ಹಾಡುತ್ತಿದ್ದವಳನ್ನು ಕೇಳಿ, ಕ್ಯಾಸೆಟ್ ಮಾಡೋಣ ಎಂದು ಸ್ಟುಡಿಯೋಗೆ ಕರೆದೊಯ್ದರು. ಎರಡು ದಿನದಲ್ಲಿ ಎಂಟು ಹಾಡು ಮುಗಿಯಿತು. ಕವರ್ ಬಂದಾಗ ಹೆಸರೆಲ್ಲಿ ಎಂದು ಕೇಳಿದಳು. ಸಂಗಡಿಗರು ಅಂದರೆ ನೀವೇ ಅಲ್ಲವೇನಮ್ಮ, ಮುಂದಿನ ಕ್ಯಾಸೆಟ್ಟಿನಲ್ಲಿ ಬಿಡಿಸಿ ಹಾಕಿಸುತ್ತೇನೆ ಎಂದರು. ಮುಂದಿನದು ಬರಲಿಲ್ಲ. ಇದೂ ಯಾರಿಗೂ ಬೇಡವಾಗಿ ಅವರ ಅಟ್ಟ ಸೇರಿತು. ಅವರ ಮನೆಯ ಗೋಧಿ ಮಾತ್ರ ಬರುವುದು ನಿಲ್ಲಲಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಆ ಡಬ್ಬ ಮೆಣಸಿನಕಾಯಿಯ ಬೆನ್ನಿಗೇ ಹೋಗುತ್ತಿದೆ, ತೌಡಿಲ್ಲದೆ. ನಮ್ಮದರಷ್ಟು ಸಾರಾಸಗಟಾಗಿ ಅಲ್ಲ, ನಾಲಿಗೆಗೆ ಗೊತ್ತಾಗದಷ್ಟು, ಹೊಟ್ಟೆಗೆ ಗೊತ್ತಾಗುವಷ್ಟು. ಅವರಿಗೆ ಎರಡು ಸಲ ಎಂಡೋಸ್ಕೋಪಿ ಆಗಿದೆ ಎಂದು ಅವರ ಹೆಂಡತಿಯೇ ಕ್ಯೂನಲ್ಲಿ ಹೇಳಿಕೊಂಡಿದ್ದರಂತೆ. ಮುನಿಯಕ್ಕ ಮೊಸರು ತಿನ್ನಿಸಿ ಎಂದು ಸಲಹೆ ಕೊಟ್ಟಿದ್ದಳು.

ಈಗಲೇ ಹೆಸರು ತಿದ್ದುತ್ತೇನೆ ಎಂದು ಫೋನ್ ತೆಗೆದೆ. ತಡೆದಳು.

“ಈಗ ತಿದ್ದಿದ್ರೆ ಅವ್ನು ನಿನ್ನ ಮಿಸ್ಟೇಕು ಅಂತಾನೆ. ಅವನ ಬಾಯಲ್ಲೇ ಬರ್ಬೇಕು. ಮಂಗಳವಾರ ಮಿಷನ್ ರಜಾ. ಬಾ.”

ಮಂಗಳವಾರ ಡಬ್ಬಗಳ ನಡುವೆ ಕೂತು ಒಂಬತ್ತನೆಯ ಹಾಡು ಹಾಡಿದಳು. ಇಷ್ಟು ವರ್ಷ ಮಿಷನ್ನಿನ ಗದ್ದಲದ ಅಡಿಯಲ್ಲೇ ಹಾಡಿಕೊಂಡದ್ದರಿಂದ ಯಾರೂ ಕೇಳಿರಲಿಲ್ಲ. ನಾನು ಫೋನಿನಲ್ಲಿ ಹಿಡಿದುಕೊಂಡೆ. ಕೊನೆಯ ನುಡಿಯನ್ನು ಮಾತ್ರ ಬೇಕೆಂದೇ ಬಿಟ್ಟಳು. ಯಾರ ಹೆಸರು ಹಾಕಲಿ ಎಂದು ಕೇಳಿದೆ. ಕವರ್ ಮೇಲೆ ಇರುವ ಹಾಗೇ, ಒಂದಕ್ಷರ ಆಚೀಚೆ ಆಗಬಾರದು ಎಂದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸನ್ಮಾನ. ಜಯಸಿಂಹ ಪೇಟ, ಶಾಲು, ಹಣ್ಣಿನ ಬುಟ್ಟಿಯ ಹಿಂದೆ ಕೂತಿದ್ದರು. ಈ ಹಾಡುಗಳೆಲ್ಲ ಬೆಳಗಿನ ವಾಕಿಂಗಿನಲ್ಲಿ ಕೆರೆ ಏರಿಯ ಮೇಲೆ ತಾವಾಗಿಯೇ ಬಂದವು ಎಂದು ಹೇಳಿದರು. ಸಪ್ಪಲಮ್ಮನ ಹಾಡಿಗೆ ಸಭೆ ತಾಳ ಹಾಕಿತು. ಆಮೇಲೆ ವಾರಿಜಾ ಮೇಡಂ, ನಾನು ಮೊದಲೇ ಹೇಳಿಟ್ಟಿದ್ದಂತೆ, ಇಲ್ಲಿಯವರೆಗೆ ಯಾರೂ ಕೇಳದ ಒಂಬತ್ತನೆಯ ಹಾಡು, ಇದೂ ಜಯಸಿಂಹ ಅವರದೇ ರಚನೆ ಎಂದು ಘೋಷಿಸಿ ನನಗೆ ಸನ್ನೆ ಮಾಡಿದರು. ಜಯಸಿಂಹ ಮುಗುಳ್ನಕ್ಕು ತಲೆ ಆಡಿಸಿದರು. ನಾನು ಬಟನ್ ಒತ್ತಿದೆ.

ಹಾಡು ಬರದ ಜಯಸಿಂಹ ನಾನು
ಮಿಷನ್ ಮುಂದೆ ಕಿವಿಯ ತೆರೆದೆ,
ಅವಳ ಹಾಡ ಡಬ್ಬಕೆ ತುಂಬಿ
ಚೀಟಿಗೆ ನನ್ನ ಹೆಸರ ಬರೆದೆ.

ಮುಗುಳ್ನಗೆ ಮುಖದ ಮೇಲೇ ಒಣಗಿತು. ತಮ್ಮದಲ್ಲ ಎಂದರೆ ಆ ದನಿ ಯಾರದೆಂದು ಹೇಳಬೇಕು, ತಮ್ಮದು ಎಂದರೆ ತಪ್ಪೊಪ್ಪಿಗೆ. ನಾನು ಒಳಗೊಳಗೇ ಕುಣಿದೆ. ಆದರೆ ವಿದ್ಯಾವಂತರ ಸಭೆ ಎಂಬ ಅಪಾಯವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಡು ನಿಂತೊಡನೆ ಚಪ್ಪಾಳೆ ಬಿತ್ತು. ತನ್ನನ್ನು ತಾನೇ ಹೀಗೆ ಗೇಲಿ ಮಾಡಿಕೊಳ್ಳಲು ದೊಡ್ಡ ಕಲಾವಿದರಿಂದ ಮಾತ್ರ ಸಾಧ್ಯ ಎಂದು ವಾರಿಜಾ ಮೇಡಂ ಕಣ್ಣೊರೆಸಿಕೊಂಡರು. ಜಯಸಿಂಹ ಉಸಿರು ಬಿಟ್ಟು, ಕೈಮುಗಿಯಲು ಎದ್ದರು.

ಹಿಂದಿನ ಸಾಲಿನಿಂದ ಮುನಿಯಕ್ಕ ಎದ್ದಳು. ಹಿಟ್ಟು ತೊಳೆದ ಮುಖದಲ್ಲಿ ನನಗೇ ಗುರುತು ಸಿಗಲಿಲ್ಲ.

“ಸಾರ್, ಇನ್ನೊಂದು ನುಡಿ ಉಳ್ದಿದೆ. ನಿಮ್ದೇ ಹಾಡಲ್ವಾ, ಹೇಳಿ.”

ಅವರು ಶಾಲು ಸರಿಮಾಡಿಕೊಂಡರು. ಇಡೀ ಹಾಲ್ ಕಾಯಿತು. ಮೈಕಿಲ್ಲದೆ, ನಿಂತಲ್ಲೇ ಅವಳು ಹಾಡಿದಳು:

ಇಪ್ಪತ್ನಾಲ್ಕು ವರುಷ ಉಂಡೆ,
ಹೊಟ್ಟೆ ಯಾಕೆ ಉರಿಯಿತು?
ಡಾಕ್ಟ್ರು ಬಿಟ್ಟ ಕೊಳವೆ ತುದಿಗೆ
ಅವಳ ಹೆಸರೇ ಸಿಕ್ಕಿತು.

ಜಯಸಿಂಹರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ದನಿ ಕೇಳಿದ ಸಭೆ ಒಮ್ಮೆ ಸ್ಪೀಕರ್ ನೋಡಿತು, ಒಮ್ಮೆ ಅವಳನ್ನು ನೋಡಿತು.

“ನಂದಲ್ಲ. ಆಯಮ್ಮಂದು.”

“ಯಾವ್ದು?” ಮುನಿಯಕ್ಕ ಬಿಡಲಿಲ್ಲ.

“ಎಲ್ಲಾ.”

ಪೇಟ ತೆಗೆದು ಹಣ್ಣಿನ ಮೇಲಿಟ್ಟರು. ವಾರಿಜಾ ಮೇಡಂ ಅದೇ ಶಾಲನ್ನು ಹಿಡಿದು ಓಡಿ ಬಂದರೆ, ಡಬ್ಬ ಕಾಯ್ತಿವೆ ಎಂದು ಹೇಳಿ ಮುನಿಯಕ್ಕ ಹೊರಟೇಬಿಟ್ಟಳು. ಸಂಜೆ ಅವಳೆದುರಿಗೇ ಹೆಸರು ತಿದ್ದಿದೆ: ರಚನೆ ಮತ್ತು ಗಾಯನ, ಸಾರಕ್ಕಿ ಮುನಿಯಕ್ಕ. ಜಯಸಿಂಹರ ಹೆಸರು ಅಳಿಸಲು ಹೊರಟಾಗ ಬೇಡ ಎಂದಳು. ‘ಹೌದ್ಹೌದು’ ಅಂದಿದಾನಲ್ಲ, ಸಂಗಡಿಗರು ಅಂತ ಹಾಕು.

ಮುಂದಿನ ವಾರ ಜಯಸಿಂಹ ತಾವೇ ಮಿಲ್ಲಿಗೆ ಬಂದರು, ಒಂದು ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ, ಇನ್ನೊಂದರಲ್ಲಿ ಗೋಧಿ. ತಪ್ಪಾಯಿತಮ್ಮ, ವಯಸ್ಸಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಎಲ್ಲರೆದುರು ಕೈಮುಗಿದರು. ಮುನಿಯಕ್ಕ ಸಿಹಿಯನ್ನು ಕ್ಯೂನಲ್ಲಿದ್ದವರಿಗೆ ಹಂಚಿದಳು. ಗೋಧಿಯ ಚೀಟಿ ಓದಿ, ಯಾರದೋ ಬ್ಯಾಡಗಿ ಮೆಣಸಿನಕಾಯಿಯ ಹಿಂದೆ ಇಟ್ಟಳು. ತೌಡಿನ ಚೀಲವನ್ನು ಕಾಲಿನಿಂದ ಮೂಲೆಗೆ ತಳ್ಳಿದಳು. ಅವರು ಅದನ್ನೆಲ್ಲ ನೋಡಿದರು. ಹಿಟ್ಟು ಬರುವ ತನಕ ನಿಂತು, ತೆಗೆದುಕೊಂಡು ಹೋದರು.

ನನಗೆ ತಡೆಯಲಾಗಲಿಲ್ಲ.

“ಹೆಸ್ರು ಬಂತು, ಅವರು ಬಂದು ಕೈನೂ ಮುಗಿದ್ರು. ಇನ್ನಾದ್ರೂ ಕ್ಷಮಿಸೋಕೆ ಆಗಲ್ವಾ ಮುನಿಯಕ್ಕ?”

“ಆಗುತ್ತೆ. ಕ್ಷಮಿಸಲ್ಲ.”