ಕುಂಜುಮ್ ಕಣಿವೆಯಲ್ಲಿ ಉಬ್ಬಿದ ಹಿಟ್ಟು

ಪುರಸೈವಾಕ್ಕಂನ ಸಸ್ಯಾಹಾರಿ ಹೋಟೆಲೊಂದರಲ್ಲಿ ಕಿಟ್ಟಣ್ಣ ಮೂವತ್ತೊಂದು ವರ್ಷಗಳಿಂದ ಹಿಟ್ಟು ರುಬ್ಬುತ್ತಿದ್ದ. ಹಿಟ್ಟು ಎಷ್ಟು ಉಬ್ಬಿದೆ ಎಂಬುದನ್ನು ಮುಚ್ಚಳ ತೆಗೆಯದೆ, ಪಾತ್ರೆಯನ್ನು ಹೊರಗಿನಿಂದ ಬೆರಳಲ್ಲಿ ತಟ್ಟಿಯೇ ಹೇಳಬಲ್ಲವನಾಗಿದ್ದ. ಈ ಹೋಟೆಲು ನಿಂತಿರುವುದು ಆ ಬೆರಳಿನ ಮೇಲೆ ಎಂದು ಮಾಲೀಕರಾದ ವಿಷ್ಣುಮೂರ್ತಿಯವರು ಗಿರಾಕಿಗಳೆದುರು ಹೇಳಿಕೊಳ್ಳುತ್ತಿದ್ದರು. ಮಾತು ಅಡುಗೆಮನೆಯವರೆಗೂ ಕೇಳುತ್ತಿತ್ತು. ಆದ್ದರಿಂದಲೇ ಇರಬೇಕು, ವಾರಕ್ಕಿಂತ ಹೆಚ್ಚಿನ ರಜೆಯನ್ನು ಅವನು ಎಂದೂ ಕೇಳಿರಲಿಲ್ಲ.

ಅವನ ಹೆಂಡತಿ ಸರಸ ಮನೆಯ ಒಲೆಯ ಮೇಲ್ಗಡೆ ಹನ್ನೊಂದು ವರ್ಷ ಹಳೆಯ ಕ್ಯಾಲೆಂಡರೊಂದನ್ನು ತೂಗುಹಾಕಿದ್ದಳು. ಅವಳಿಗೆ ಬೇಕಾಗಿದ್ದುದು ತಾರೀಕಲ್ಲ, ಚಿತ್ರ: ಹಿಮಾಲಯದ ಬೋಳು ಬೆಟ್ಟಗಳ ನಡುವೆ ನೀಲಿಯಾಗಿ ಮಲಗಿದ ಚಂದ್ರತಾಲ್ ಸರೋವರ. ಒಗ್ಗರಣೆಯ ಜಿಡ್ಡು ಹಿಡಿದು ಆ ನೀಲಿ ಹಸಿರಾಗುತ್ತ ಬಂದಾಗ, ನಿಜವಾದ ಬಣ್ಣವನ್ನು ಕಣ್ಣಾರೆ ನೋಡಲೇಬೇಕೆಂದು ಅವಳು ಹಟ ಹಿಡಿದಳು. ಗುರುವಾರದ ಸಂಜೆಗಳಲ್ಲಿ ಬುಲೆಟ್ ಏರಿ ಬೆಸೆಂಟ್ ನಗರದ ಕಡಲ ತನಕ ಹೋಗಿಬರುವುದೇ ಅಲ್ಲಿಯವರೆಗೆ ಅವರಿಬ್ಬರ ದೀರ್ಘಪ್ರಯಾಣವಾಗಿತ್ತು. ಗಿಂಡಿಯಲ್ಲಿ ಕೆಲಸ ಮಾಡುವ ಮಗಳು ಪ್ರಣಮ್ಯಾ ಬುಲೆಟ್ಟನ್ನು ಚಂಡೀಗಢದ ರೈಲಿಗೆ ಹಾಕಿಸಿ, ಅಪ್ಪ ಮನಸ್ಸು ಬದಲಿಸುವ ಮೊದಲೇ ರಸೀದಿಯನ್ನು ಅವನ ಕೈಗಿತ್ತಳು.

"ಪೋಯ್ಟು ವಾಂಗಪ್ಪಾ," ಎಂದಳು ಆ ಊರಿನ ತಮಿಳಿನಲ್ಲಿ, "ಹೋಗಿ ಬನ್ನಿ. ನಿಮ್ಮ ಹಿಟ್ಟು ಎಲ್ಲಿಗೂ ಓಡಿಹೋಗಲ್ಲ."

ಚಂಡೀಗಢದಿಂದ ಮೇಲೆ ಹತ್ತಿದಂತೆ ಬಂಡೆ ಕೊರೆದು ಮಾಡಿದ ರಸ್ತೆ, ರಸ್ತೆಗೆ ಅಡ್ಡಲಾಗಿಯೇ ಹರಿಯುವ ಹೊಳೆ, ಅರ್ಧ ದಿನ ಸಾಗಿದರೂ ಒಂದು ನರಪಿಳ್ಳೆ ಕಾಣದ ಬಯಲು. ಹೊಳೆ ಬಂದಲ್ಲೆಲ್ಲ ಸರಸ ಇಳಿದು, ಬೂಟು ಕೈಯಲ್ಲಿ ಹಿಡಿದು, ಮಂಜುಗಡ್ಡೆಯಂಥ ನೀರನ್ನು ನಗುತ್ತ ದಾಟಿದಳು. ಕಿಟ್ಟಣ್ಣನೂ ನಗುತ್ತಿದ್ದ. ಆದರೆ ಮೊಬೈಲಿಗೆ ಸಿಗ್ನಲ್ ಸಿಕ್ಕಿದಲ್ಲೆಲ್ಲ ಗಾಡಿ ನಿಲ್ಲಿಸಿ, ತನ್ನ ಜಾಗದಲ್ಲಿ ರುಬ್ಬಲು ನಿಂತಿದ್ದ ದೀಕ್ಷಿತನಿಗೆ ಫೋನು ಮಾಡುತ್ತಿದ್ದ. ಮೊದಮೊದಲು ದೀಕ್ಷಿತ ನೂರು ಸಂಶಯ ಕೇಳಿದ. ಕಾಜಾ ಪಟ್ಟಣಕ್ಕೆ ಬಂದ ದಿನ ಮಾತ್ರ, ಈಗ ಎಲ್ಲ ಸರಿಯಾಗಿದೆ ಅಣ್ಣ, ಗಿರಾಕಿಗಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ ಎಂದುಬಿಟ್ಟ.

ಕಿಟ್ಟಣ್ಣ ಅಂದು ಸರಿಯಾಗಿ ಊಟ ಮಾಡಲಿಲ್ಲ. ಚಳಿ ಹೆಚ್ಚಾಯಿತು, ಸರೋವರ ಬೇಡ, ಬೆಟ್ಟದ ನೆತ್ತಿಯ ಕುಂಜುಮ್ ಕಣಿವೆ ದಾಟಿ ಸೀದಾ ಮನಾಲಿಗೆ ಇಳಿದು ಊರಿಗೆ ಮರಳೋಣ ಎಂದ. ಹಿಟ್ಟು ಕೆಟ್ಟಿದ್ದರೆ ಈ ಮನುಷ್ಯ ಇಷ್ಟು ಕುಗ್ಗುತ್ತಿರಲಿಲ್ಲ ಎಂಬುದು ಸರಸಳಿಗೆ ತಿಳಿಯಿತು. ಹನ್ನೊಂದು ವರ್ಷ ಕಾದ ನೀಲಿ ಕೈತಪ್ಪುತ್ತಿತ್ತು. ಆದರೂ ಅವಳು ವಾದಿಸಲಿಲ್ಲ. ಊರಿಂದ ತಂದಿದ್ದ ಅಕ್ಕಿ, ಉದ್ದನ್ನು ನೆನೆಹಾಕಿ, ತಂಗಿದ್ದ ಮನೆಯವರ ಮಿಕ್ಸಿಯಲ್ಲಿ ರುಬ್ಬಿಟ್ಟಳು. ಮರುದಿನ ಬೆಳಿಗ್ಗೆ ಕಿಟ್ಟಣ್ಣ ಡಬ್ಬಿಯನ್ನು ತಟ್ಟಿ ನೋಡಿದ.

"ಇದು ಸಿಮೆಂಟು ಮಾರಾಯ್ತಿ. ಈ ಚಳಿಗೆ ಏಳುವ ಜಾತಿಯಲ್ಲ. ಚೆಲ್ಲು."

ಅವಳು ಚೆಲ್ಲಲಿಲ್ಲ. ಮುಚ್ಚಳ ಬಿಗಿದು, ಸೈಲೆನ್ಸರಿನ ಪಕ್ಕಕ್ಕೆ ಬರುವ ಚೀಲದೊಳಗೆ ಇಟ್ಟಳು.

ಕುಂಜುಮ್‌ನ ನೆತ್ತಿಯಲ್ಲಿ ಬಣ್ಣದ ಪತಾಕೆಗಳು ಗಾಳಿಗೆ ಪಟಪಟಿಸುತ್ತಿದ್ದವು. ಎಲ್ಲ ಗಾಡಿಗಳಂತೆ ಅವರ ಬುಲೆಟ್ಟೂ ಅಲ್ಲಿಯ ಗುಡಿಗೆ ಒಂದು ಸುತ್ತು ಹಾಕಿತು. ಸುತ್ತು ಮುಗಿಯುವಷ್ಟರಲ್ಲಿ ಢಬ್ಬೆಂದು ಸದ್ದಾಯಿತು. ಟಯರು ಒಡೆಯಿತೆಂದುಕೊಂಡು ಕಿಟ್ಟಣ್ಣ ಹಾರಿ ಇಳಿದ. ಟಯರಿಗೆ ಏನೂ ಆಗಿರಲಿಲ್ಲ. ಡಬ್ಬಿಯ ಮುಚ್ಚಳ ಹಾರಿ, ಚೀಲದ ಬಾಯಿಂದ ಬಿಳಿಯ ನೊರೆ ಉಕ್ಕಿ, ಕಾದ ಸೈಲೆನ್ಸರಿನ ಮೇಲೆ ಇಳಿದು, ಚುಂಯ್‌ಗುಟ್ಟುತ್ತ ಅಂಚು ಕೆಂಪಾಗಿ, ಗರಿಗರಿಯಾದ ದೋಸೆಯಾಗುತ್ತಿತ್ತು. ಪತಾಕೆಗಳ ಕೆಳಗೆ, ಆ ನಿರ್ಜನ ಎತ್ತರದಲ್ಲಿ, ಪುರಸೈವಾಕ್ಕಂನ ಬೆಳಗಿನ ಪರಿಮಳ ಹರಡಿತು.

"ಇದೆಂತ ಕಥೆ?" ಎಂದ ಕಿಟ್ಟಣ್ಣ.

"ನಿಮ್ಮ ಸಿಮೆಂಟು ಎದ್ದಿತು," ಎಂದಳು ಸರಸ.

ಅವನು ಮಂಡಿಯೂರಿ ಕುಳಿತು ಮೂಸಿದ, ಬೆರಳಿಗೆ ಹಚ್ಚಿ ನೆಕ್ಕಿದ. ಆಮೇಲೆ ಹೆಲ್ಮೆಟ್ಟು ತೆಗೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಸೈಲೆನ್ಸರಿನ ಬಿಸಿಗೆ ಹಿಟ್ಟು ಹುಳಿ ಬಂದಿದೆ, ಇಲ್ಲಿ ಗಾಳಿ ತೆಳು, ಒಳಗಿನ ಗುಳ್ಳೆಯನ್ನು ಅದುಮಿ ಹಿಡಿಯುವವರು ಯಾರೂ ಇಲ್ಲ ಎಂದು ತನಗೆ ತಾನೇ ವಿವರಿಸಿಕೊಂಡ.

"ಮೂವತ್ತೊಂದು ವರ್ಷ ರುಬ್ಬಿದೆ. ಇದು ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ."

ಹಾಗೆನ್ನುವಾಗ ಅವನ ದನಿಯಲ್ಲಿ ಕಾಜಾದ ಕೊರಗು ಕೇಳಿಸಲಿಲ್ಲ. ಮತ್ತೆ ಹೆಲ್ಮೆಟ್ಟು ಏರಿಸುತ್ತ, ಸರೋವರವಿರುವುದು ಇದಕ್ಕಿಂತ ಮೇಲೋ ಕೆಳಗೋ ಎಂದು ಕೇಳಿದ. ತುಸು ಕೆಳಗೆ ಎಂದಳು. ಹಾಗಾದರೆ ಅಲ್ಲಿ ಉಬ್ಬುವ ಲೆಕ್ಕವೇ ಬೇರೆ, ಅದನ್ನೂ ನೋಡಬೇಕು ಎಂದ. ಕಣಿವೆ ಇಳಿದು ದಾರಿ ಕವಲೊಡೆದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ಆ ಬಯಲಿನಲ್ಲಿ, ಶಿಸ್ತಾಗಿ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿಸಿದ.

ಕ್ಯಾಲೆಂಡರಿನವರು ಬಣ್ಣವನ್ನು ಜಿಪುಣತನದಿಂದ ಬಳಿದಿದ್ದರೆಂದು ಸರಸಳಿಗೆ ಅನ್ನಿಸಿತು. ದಡದಲ್ಲಿ ಎಷ್ಟೋ ಹೊತ್ತು ನಿಂತು, ಹಿಂದಿರುಗಿ ನೋಡಿದರೆ, ಕಿಟ್ಟಣ್ಣ ಕಲ್ಲಿನ ಮರೆಯಲ್ಲಿ ಉಳಿದ ಹಿಟ್ಟಿನ ಡಬ್ಬಿಯೆದುರು ಕುಕ್ಕರಗಾಲಿನಲ್ಲಿ ಕುಳಿತಿದ್ದ. ಸಿಗ್ನಲ್ ಇಲ್ಲದ ಫೋನು ಜೇಬಿನಲ್ಲೇ ಇತ್ತು.

"ಹೋಯ್, ಬನ್ನಿ ಇಲ್ಲಿ. ಹಿಟ್ಟು ಕಾಯ್ತದೆ," ಎಂದು ಕರೆದಳು.

"ಅದು ನನ್ನನ್ನು ಕಾಯುವುದಿಲ್ಲ, ಅದರಷ್ಟಕ್ಕೆ ಏಳ್ತದೆ," ಎನ್ನುತ್ತ ಅವನು ಮುಚ್ಚಳವನ್ನು ಸಡಿಲಾಗಿಯೇ ಬಿಟ್ಟು ನೀರಿನ ಕಡೆ ನಡೆದು ಬಂದ.